ಎಡಗಿವಿಯ ಪಾಲು

ಕೋಡಿಬಾಗದ ಮೊಬೈಲ್ ಅಂಗಡಿಯಲ್ಲಿ
ಐವತ್ತು ರೂಪಾಯಿಗೆ ಕಾರ್ಡು ತುಂಬಿಸಿ ತಂದವನು ಇನಾಸ.
ಕೇಳಿದ್ದು ಹಳೇ ಹಿಂದಿ, ನಾಲ್ಕು ಮಾಂಡೊ.
ಅವುಗಳ ಸಂದಿಯಲ್ಲಿ ಅಂಗಡಿಯ ಹುಡುಗ
ಯಾಕೆ ತುರುಕಿದನೋ, ಹೆಸರಿಲ್ಲದ ಒಂದು ಆಲ್ಬಮ್:
ಹನ್ನೊಂದು ಟ್ರ್ಯಾಕು, ಬರೀ ನಂಬರು.

ಬೈತಖೋಲದ ಐಸ್ ಫ್ಯಾಕ್ಟರಿ. ರಾತ್ರಿ ಪಾಳಿ.
ಡಬ್ಬಿಯಲ್ಲಿ ನೀರು ಕಲ್ಲಾಗುವ ತನಕ
ಕೆಲಸವಿಲ್ಲ, ಮಲಗುವ ಹಾಗೂ ಇಲ್ಲ.
ಇಯರ್‌ಫೋನು ಒಂದೇ ಜೊತೆ.
ಇನಾಸನ ಬಲಗಿವಿ ಚಿಕ್ಕಂದಿನಲ್ಲೇ ಸೋರಿ ಸೋರಿ ಕೆಟ್ಟಿತ್ತು,
ಹಾಗಾಗಿ ಎಡದ್ದು ಅವನಿಗೆ, ಬಲದ್ದು ನನಗೆ.
ಈ ಪಾಲುಪಟ್ಟಿಗೆ ಪಂಚರು ಬೇಕಾಗಲಿಲ್ಲ.

ಇದೇನೋ, ಹಾಡು ಶುರುವೇ ಆಗ್ತಿಲ್ಲ, ಅಂದೆ ಮೊದಲ ದಿನ.
ಆಯ್ಕ ರೇ, ಅಂದ. ಅವಸರ ಯಾರಿಗಿದೆ.

ನಿಧಾನ. ಭರತಿ ಇಳಿದ ಅಳಿವೆಯಲ್ಲಿ
ಖಾಲಿ ದೋಣಿ ತನ್ನ ಹಗ್ಗದ ಸುತ್ತ ತಿರುಗುವಷ್ಟು ನಿಧಾನ.
ತಳದಲ್ಲಿ ಒಂದು ಮಿದು ಗುದ್ದು,
ನಮ್ಮ ಕಂಪ್ರೆಸರೇ ಸ್ನಾನ ಮಾಡಿ ಬಂದು ಕೂತ ಹಾಗೆ;
ಅದರ ಮೇಲೆ ಸೋರೆಬುರುಡೆಯ ತಂತಿ, ಬಿದಿರ ಉಸಿರು,
ಯಾವುದೋ ಊರ ಸಂತೆಯ ಗದ್ದಲ, ನೀರಲ್ಲಿ ಅದ್ದಿ ತೆಗೆದದ್ದು.
ಲಾರಿಗೆ ಐಸ್ ಹೇರಲು ಬಂದ ಹಳಿಯಾಳದ ಬಸ್ತ್ಯಾಂವ ಸಿದ್ದಿ
ನನ್ನ ಕಿವಿಯದು ಕಿತ್ತು ತಾನಿಟ್ಟುಕೊಂಡ.
ದಮಾಮ ಅಲ್ಲ ಇದು, ಅಂದ ಸುಮಾರು ಹೊತ್ತಿನ ಮೇಲೆ,
ಆದರೆ ಅದರ ದಾಯಾದಿ.
ಲುಂಗಿಯ ತುದಿಯಲ್ಲಿ ಒರೆಸಿ ಕೊಟ್ಟು ಹೋದ.

ಏಳನೆಯದರಲ್ಲಿ ಒಬ್ಬಳು ಬರುತ್ತಿದ್ದಳು, ನನ್ನ ಕಿವಿಗೆ.
ಭಾಷೆ ಯಾವುದೋ. ಒಂದು ಸಾಲು ಕೇಳುವಳು,
ಸುಮ್ಮನಾಗುವಳು. ಗುದ್ದು ನಾಲ್ಕು ಸಲ ಬೀಳುವುದು.
ಮತ್ತೆ ಅದೇ ಸಾಲು, ಈ ಸಲ ಕೊನೆಗೆ ಒಂಚೂರು ಮುನಿಸು.
ಆ ನಾಲ್ಕು ಗುದ್ದಿನ ಖಾಲಿಯಲ್ಲಿ ನಾನು
ಅವಳಿಗೊಂದು ಮನೆ ಕಟ್ಟಿಕೊಟ್ಟಿದ್ದೆ: ತೆರೆದ ಕದ,
ಒಲೆಯ ಮೇಲೆ ಕೆನೆಗಟ್ಟಿದ ಸಾರು, ಬೋಟಿನಿಂದ ಇಳಿಯದ ಗಂಡ.
ಎರಡು ಹಂಗಾಮು ಅವಳಿಗಾಗಿ ಮರುಗಿದೆ.
ಪಕ್ಕದಲ್ಲಿ ಇನಾಸ, ಸರಿಯಾಗಿ ಅಲ್ಲೇ,
ಕಣ್ಣು ಮುಚ್ಚಿ ನಗುತ್ತಿದ್ದ.
ಕಲ್ಲು ಮನುಷ್ಯ, ಅಂದುಕೊಂಡೆ.

ಕಾಳಿಗೆ ಇನ್ನೂ ಎರಡು ಸೇತುವೆಗಳಿದ್ದ ವರ್ಷ,
ಜೂನ್ ಬಂದು ಬೋಟುಗಳು ದಡ ಹತ್ತಿದಾಗ
ಇನಾಸ ರತ್ನಾಗಿರಿಯ ಫ್ಯಾಕ್ಟರಿಗೆ ಹೋದ,
ದಿನಕ್ಕೆ ನೂರಿಪ್ಪತ್ತು ಹೆಚ್ಚು.
ಪ್ಲೇಯರು, ಕಾರ್ಡು, ಎರಡೂ ಕಿವಿ ನನಗೇ ಬಿಟ್ಟು.

ಆಗಸ್ಟಿನ ಮೊದಲ ರಾತ್ರಿ ಎರಡನ್ನೂ ಸಿಕ್ಕಿಸಿ ಕೂತೆ.
ತಲೆಯ ನಡುವೆ ಯಾರೋ ಗೋಡೆ ತೆಗೆದರು.
ಏಳನೆಯದು. ಅವಳು ಕೇಳಿದಳು.
ಎಡಗಡೆಯಿಂದ ಒಬ್ಬ ಮುದುಕ, ಒಡಕು ದನಿ, ಆರಾಮಾಗಿ
ಉತ್ತರ ಕೊಟ್ಟ.

ಎರಡು ಹಂಗಾಮು! ಪುಣ್ಯಾತ್ಮ, ಕೊಡುತ್ತಲೇ ಇದ್ದ.

ಫೋನು ಹಚ್ಚಿದೆ. ಅರ್ಧ ನಿದ್ದೆಯಲ್ಲಿ ಇನಾಸ:
ಏಳನೆಯದರ ಮುದುಕನಾ? ಕುಡಿದು ಒಬ್ಬನೇ
ದಾರಿಯಲ್ಲಿ ಮಾತಾಡಿಕೊಂಡು ಹೋಗೋನಲ್ಲವಾ ಅವನು,
ನನ್ನಪ್ಪನ ಹಾಗೆ?
ಅಲ್ಲವೋ. ಆಯ್ಕ ರೇ, ಅಂದೆ.

ಕಂಪ್ರೆಸರಿನ ಹತ್ತಿರ ಏನೂ ಕೇಳದು,
ಐಸಿನ ಕೋಣೆಯೊಳಗೆ ನೆಟ್‌ವರ್ಕು ಸಿಗದು.
ಹೊಸ್ತಿಲ ಮೇಲೆ ನಿಂತೆ, ಬೆನ್ನು ಚಳಿಗೆ, ಮುಖ ಸೆಕೆಗೆ,
ಬಲದ ಇಯರ್‌ಫೋನನ್ನು ಫೋನಿನ ಬಾಯಿಗೆ ಹಿಡಿದು,
ಎಡದ್ದನ್ನು ಮುಷ್ಟಿಯಲ್ಲಿ ಅಡಗಿಸಿ.

ಅವಳು ಕೇಳಿದಳು.
ರತ್ನಾಗಿರಿಯಲ್ಲಿ ಸದ್ದಿಲ್ಲ.
ಒಂದು. ಎರಡು.
ಆಮೇಲೆ ಇನಾಸ, ಬಾಯಿಪಾಠವಾಗಿದ್ದ ಆ ಗೊತ್ತಿಲ್ಲದ ಮಾತನ್ನು
ಒಡಕು ದನಿಯಲ್ಲೇ, ಒಂದಕ್ಷರ ಬಿಡದೆ,
ಅವಳಿಗೆ ಹೇಳಿದ.

ಅವಳು ಮತ್ತೆ ಕೇಳಿದಳು, ಅದೇ ಮುನಿಸು.
ಜೆಟ್ಟಿಯಿಂದ ಯಾರೋ ಐಸ್, ಐಸ್ ಎಂದು ಕೂಗುತ್ತಿದ್ದರು.
ಕೂಗಲಿ ಬಿಡು, ಅಂದ ಇನಾಸ.